ಪಿಎಂಐ ಸ್ಟಡಿ ಹಾಲ್: ಕೊಳ್ಳಿ, ಆದರೆ ಅಂಕ ನೋಡಲು ಅಲ್ಲ

ಪ್ರಾಜೆಕ್ಟ್ ಮ್ಯಾನೇಜರ್ ಪ್ರಮಾಣಪತ್ರಕ್ಕಾಗಿ ಬರೆಯುವ ಪಿಎಂಪಿ ಪರೀಕ್ಷೆಗೆ ಓದುವವರಿಗೆ ಸಾಮಗ್ರಿಗೇನೂ ಬರವಿಲ್ಲ. ವಿಡಿಯೋ ಪಾಠ, ದಪ್ಪ ಪುಸ್ತಕ, ಸೂತ್ರಗಳ ಪಟ್ಟಿ ಎಲ್ಲವೂ ಬೇಕಾದಷ್ಟು ಸಿಗುತ್ತವೆ. ಸುಲಭಕ್ಕೆ ಸಿಗದಿರುವುದು ನಿಜವಾದ ಪರೀಕ್ಷೆಯ ಧಾಟಿಯಲ್ಲಿ ಬರೆದ ಪ್ರಶ್ನೆಗಳು. ಪರೀಕ್ಷೆ ನಡೆಸುವ ಪಿಎಂಐ ಸಂಸ್ಥೆಯೇ ಕೊಡುವ ಸ್ಟಡಿ ಹಾಲ್ ಎಂಬ ಆನ್‌ಲೈನ್ ಅಭ್ಯಾಸ ಸೇವೆಯ ಬೆಲೆ ಇರುವುದು ಅಲ್ಲಿಯೇ. ಅದರ ಪ್ರಶ್ನೆಗಳು ಚೆನ್ನಾಗಿವೆ, ವಿವರಣೆಗಳು ಇನ್ನೂ ಚೆನ್ನಾಗಿವೆ. ಕೊನೆಯಲ್ಲಿ ತೋರಿಸುವ ಶೇಕಡಾವಾರು ಮಾತ್ರ ಓದುವವರನ್ನು ದಾರಿ ತಪ್ಪಿಸುತ್ತದೆ.

ಇದು ಪಾಠ ಹೇಳಿಕೊಡುವ ಸೇವೆಯಲ್ಲ ಎಂಬುದು ಮೊದಲು ತಿಳಿದಿರಲಿ. ಅರ್ಜಿಗೆ ಬೇಕಾದ 35 ಗಂಟೆಗಳ ತರಬೇತಿಗೆ ಇದು ಲೆಕ್ಕಕ್ಕಿಲ್ಲ. ಅದನ್ನು ಬೇರೆ ಕಡೆ ಮುಗಿಸಿರಬೇಕು. ಜೊತೆಗೆ, ನಾಲ್ಕು ವರ್ಷದ ಪದವಿ ಇರುವವರು 36 ತಿಂಗಳು, ಇಲ್ಲದವರು 60 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ತೋರಿಸಬೇಕು. ಚಂದಾಕ್ಕೆ ಅವಧಿ ಇರುವುದರಿಂದ ಅರ್ಜಿ ಹಾಕುವ ಮೊದಲೇ ಕೊಂಡರೆ ನಷ್ಟ. ಅರ್ಜಿ ಆಡಿಟ್‌ಗೆ ಆಯ್ಕೆಯಾಯಿತೆಂದರೆ ಪ್ರಮಾಣಪತ್ರದ ಪ್ರತಿ, ಹಳೆಯ ಮೇಲಧಿಕಾರಿಗಳ ದೃಢೀಕರಣ ಎಲ್ಲ ಒಟ್ಟುಮಾಡುವುದರಲ್ಲೇ ದಿನಗಳು ಹೋಗುತ್ತವೆ, ಚಂದಾ ಸುಮ್ಮನೆ ಕರಗುತ್ತದೆ. ಅರ್ಜಿ ಒಪ್ಪಿಗೆಯಾದ ಮೇಲೆ ಪರೀಕ್ಷೆ ಬರೆಯಲು ಒಂದು ವರ್ಷ ಇರುತ್ತದೆ, ಅಷ್ಟರೊಳಗೆ ಮೂರು ಸಲ ಪ್ರಯತ್ನಿಸಬಹುದು. ಹಾಗಾಗಿ ಒಪ್ಪಿಗೆ ಸಿಗಲಿ, ಪಠ್ಯ ಒಂದು ಸುತ್ತು ಮುಗಿಯಲಿ, ಪರೀಕ್ಷೆಯ ದಿನಾಂಕ ಗೊತ್ತಾಗಲಿ, ಆಮೇಲೆ ಚಂದಾ ತೆಗೆದುಕೊಳ್ಳಿ.

ಒಳಗೆ ಮುಖ್ಯವಾಗಿ ಎರಡು ಬಗೆಯ ಸರಕಿದೆ: ಸಣ್ಣ ಸಣ್ಣ ಅಭ್ಯಾಸ ಪರೀಕ್ಷೆಗಳು ಮತ್ತು ಪೂರ್ಣ ಅವಧಿಯ ಮಾಕ್ (ಅಣಕು) ಪರೀಕ್ಷೆಗಳು. ಎಸೆನ್ಷಿಯಲ್ಸ್, ಪ್ಲಸ್ ಎಂಬ ಎರಡು ಪ್ಯಾಕೇಜುಗಳ ನಡುವೆ ಎದ್ದು ಕಾಣುವ ವ್ಯತ್ಯಾಸ ಪೂರ್ಣ ಮಾಕ್‌ಗಳ ಸಂಖ್ಯೆ. ಮೊದಲ ಸಲ ಬರೆಯುವವರಿಗೆ ಎಸೆನ್ಷಿಯಲ್ಸ್ ಸಾಕು. ಒಮ್ಮೆ ಫೇಲಾಗಿ ಮತ್ತೆ ಕೂರುವವರು ಹಳೆಯ ಪ್ರಶ್ನೆಗಳನ್ನು ಆಗಲೇ ನೋಡಿಬಿಟ್ಟಿರುತ್ತಾರೆ. ಅವರಿಗೆ ಪ್ಲಸ್ ಉಪಯೋಗಕ್ಕೆ ಬರುತ್ತದೆ.

ಈಗ ಪ್ರಶ್ನೆಗಳ ವಿಚಾರ. ಪಿಎಂಪಿಯಲ್ಲಿ ವ್ಯಾಖ್ಯೆ ಕೇಳುವ ಪ್ರಶ್ನೆ ತೀರಾ ಕಡಿಮೆ. ಒಂದು ಸನ್ನಿವೇಶ ಕೊಟ್ಟು ಮ್ಯಾನೇಜರ್ ಮೊದಲು ಏನು ಮಾಡಬೇಕು, ಮುಂದೆ ಏನು ಮಾಡಬೇಕು, ಏನು ಮಾಡಿದ್ದರೆ ಇದು ತಪ್ಪುತ್ತಿತ್ತು ಎಂದು ಕೇಳುತ್ತಾರೆ. ನಾಲ್ಕು ಆಯ್ಕೆಗಳಲ್ಲಿ ಎರಡಾದರೂ ಸರಿ ಅನ್ನಿಸುವಂತಿರುತ್ತವೆ. ಈ ಧಾಟಿಗೆ ಒಂದು ಮಾದರಿ ಕಟ್ಟಿ ನೋಡೋಣ. ಪ್ರಾಜೆಕ್ಟ್ ನಡೆಯುತ್ತಿದೆ. ಒಬ್ಬ ಪ್ರಭಾವಿ ಸ್ಟೇಕ್‌ಹೋಲ್ಡರ್ (ಪ್ರಾಜೆಕ್ಟಿನಲ್ಲಿ ಹಿತಾಸಕ್ತಿ ಇರುವವರು) ಒಪ್ಪಿತ ಸ್ಕೋಪಿನಲ್ಲಿ, ಅಂದರೆ ಕೆಲಸದ ವ್ಯಾಪ್ತಿಯಲ್ಲಿ, ಇಲ್ಲದ ಹೊಸ ವರದಿಯೊಂದನ್ನು ಸೇರಿಸುವಂತೆ ನೇರವಾಗಿ ಡೆವಲಪರ್‌ಗೆ ಹೇಳಿದ್ದಾರೆ, ಡೆವಲಪರ್ ಕೆಲಸ ಶುರುಮಾಡಿದ್ದಾರೆ. ಮ್ಯಾನೇಜರ್ ಮೊದಲು ಏನು ಮಾಡಬೇಕು? ಪ್ರಾಜೆಕ್ಟಿಗೆ ಹಣ, ಬೆಂಬಲ ಕೊಡುವ ಸ್ಪಾನ್ಸರ್‌ಗೆ ದೂರು ಕೊಡುವುದು, ಮಾಡಿದ್ದನ್ನು ಕೂಡಲೇ ತೆಗೆಸುವುದು, ಬದಲಾವಣೆಗಳನ್ನು ಒಪ್ಪುವ ಇಲ್ಲವೇ ತಿರಸ್ಕರಿಸುವ ಚೇಂಜ್ ಕಂಟ್ರೋಲ್ ಬೋರ್ಡಿಗೆ ವಿನಂತಿ ಸಲ್ಲಿಸುವುದು, ತಂಡದ ಜೊತೆ ಕೂತು ವೇಳಾಪಟ್ಟಿ, ವೆಚ್ಚ, ಗುಣಮಟ್ಟದ ಮೇಲೆ ಆಗುವ ಪರಿಣಾಮ ಅಳೆಯುವುದು: ಇವು ಆಯ್ಕೆಗಳು. ಪಾಠ ಕೇಳಿದವರು ಬೋರ್ಡನ್ನು ಆರಿಸುತ್ತಾರೆ. ಸರಿಯುತ್ತರ ಪರಿಣಾಮ ಅಳೆಯುವುದು; ಆ ಮಾಹಿತಿ ಕೈಯಲ್ಲಿಲ್ಲದೆ ಬೋರ್ಡ್ ಏನನ್ನು ನೋಡಿ ತೀರ್ಮಾನಿಸಬೇಕು? ಇದೇ ಪ್ರಶ್ನೆಯಲ್ಲಿ ಪರಿಣಾಮ ಅಳೆದಾಗಿದೆ ಎಂಬ ಒಂದು ವಾಕ್ಯ ಸೇರಿಸಿ ಮುಂದೇನು ಎಂದು ಕೇಳಿದರೆ ಉತ್ತರ ಬೋರ್ಡಿನ ಕಡೆ ತಿರುಗುತ್ತದೆ. ಸ್ಪ್ರಿಂಟ್, ಅಂದರೆ ಅಜೈಲ್ ಪದ್ಧತಿಯಲ್ಲಿ ಕೆಲಸದ ಒಂದು ಚಿಕ್ಕ ಸುತ್ತು, ನಡೆಯುತ್ತಿದೆ ಎಂಬ ಮಾತು ಬಂದರಂತೂ ಬೋರ್ಡಿನ ಸುದ್ದಿಯೇ ಬೇಡ, ಸ್ಟೇಕ್‌ಹೋಲ್ಡರನ್ನು ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಬಳಿ ಕಳಿಸಿ, ಬಾಕಿ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್‌ಗೆ ಸೇರಿಸುವ ಮಾತಾಡುವುದು ಸರಿ.

ಸ್ಟಡಿ ಹಾಲ್‌ನ ನಿಜವಾದ ಬಲ ಇಂಥ ಕಡೆ ಕಾಣುತ್ತದೆ. ಸರಿಯುತ್ತರ ಯಾಕೆ ಸರಿ ಎಂದಷ್ಟೇ ಅಲ್ಲ, ಉಳಿದ ಆಯ್ಕೆಗಳು ಯಾಕೆ ಸಲ್ಲವು ಎಂದೂ ಹೇಳುತ್ತದೆ. ಬಹಳ ಜನ ಹಸಿರು ಟಿಕ್ ನೋಡಿ ಮುಂದೆ ಹೋಗಿಬಿಡುತ್ತಾರೆ. ಅಲ್ಲಿಗೆ ಕೊಟ್ಟ ದುಡ್ಡಿನಲ್ಲಿ ಅರ್ಧ ವ್ಯರ್ಥ. ಊಹೆಯಿಂದ ಸರಿಯಾದ ಉತ್ತರವನ್ನೂ ತಪ್ಪೆಂದೇ ಲೆಕ್ಕ ಹಿಡಿದು ಅದರ ವಿವರಣೆ ಓದಬೇಕು. ಒಂದು ನೋಟ್‌ಬುಕ್ಕಿನಲ್ಲಿ ವಿಷಯದ ಹೆಸರಿನ ಬದಲು ತಪ್ಪಿನ ಕಾರಣ ಬರೆದಿಟ್ಟುಕೊಳ್ಳಿ: ಮೊದಲು, ಮುಂದೆ ಎಂಬ ಪದ ಗಮನಿಸಲಿಲ್ಲ, ಅಜೈಲ್ ಸನ್ನಿವೇಶಕ್ಕೆ ಹಳೆಯ ಪದ್ಧತಿಯ ಉತ್ತರ ಕೊಟ್ಟೆ, ಸಮಸ್ಯೆ ಅರಿಯದೆ ಮೇಲಿನವರಿಗೆ ದಾಟಿಸಿದೆ, ರಿಸ್ಕ್ ಮತ್ತು ಇಶ್ಯೂ ಬೆರೆಸಿಕೊಂಡೆ. ನೂರು ತಪ್ಪು ಬರೆದಿಟ್ಟವರ ಪಟ್ಟಿಯಲ್ಲೂ ಕಾರಣಗಳು ಕೈಬೆರಳ ಎಣಿಕೆಯಷ್ಟೇ ಇರುತ್ತವೆ. ರಿಸ್ಕ್, ಇಶ್ಯೂ ಗೊಂದಲ ಬಿಡಿಸಿಕೊಳ್ಳುವುದು ಸುಲಭ: ತೊಂದರೆ ಇನ್ನೂ ಆಗದೆ ಇದ್ದರೆ ರಿಸ್ಕ್ ರಿಜಿಸ್ಟರ್, ಆಗಿಹೋಗಿದ್ದರೆ ಇಶ್ಯೂ ಲಾಗ್.

ಇನ್ನು ಕಿರಿಕಿರಿ ಮಾಡುವ ಭಾಗ. ಪ್ರಶ್ನೆಗಳಿಗೆ ಈಸಿ, ಮಾಡರೇಟ್, ಡಿಫಿಕಲ್ಟ್, ಎಕ್ಸ್‌ಪರ್ಟ್ ಎಂಬ ಮಟ್ಟಗಳಿವೆ. ಎಕ್ಸ್‌ಪರ್ಟ್ ಎಂಬ ಹಣೆಪಟ್ಟಿ ಹೊತ್ತ ಕೆಲವು ಪ್ರಶ್ನೆಗಳು ಕಷ್ಟ ಅನ್ನುವುದಕ್ಕಿಂತ ಅಸ್ಪಷ್ಟ ಅನ್ನಬೇಕು. ವಿವರಣೆ ಓದಿದ ಮೇಲೂ ಇದು ಹೇಗೆ ಸರಿ ಎಂದು ತಲೆ ಕೆರೆದುಕೊಳ್ಳುವಂತಿರುತ್ತವೆ. ಅವುಗಳ ತರ್ಕವನ್ನು ಮೈಗೂಡಿಸಿಕೊಳ್ಳಲು ಹೊರಟರೆ ಸುಲಭ ಪ್ರಶ್ನೆಗಳಲ್ಲೂ ಇಲ್ಲದ ಸುಳಿವು ಹುಡುಕುವ ಚಾಳಿ ಬೀಳುತ್ತದೆ. ನಮ್ಮ ಸಲಹೆ: ಫಲಿತಾಂಶದಿಂದ ಎಕ್ಸ್‌ಪರ್ಟ್ ಪ್ರಶ್ನೆಗಳನ್ನು ತೆಗೆದುಹಾಕಿ ಉಳಿದದ್ದರ ಶೇಕಡಾವಾರನ್ನು ಕೈಯಲ್ಲಿ ಲೆಕ್ಕ ಹಾಕಿ. ಈಸಿ, ಮಾಡರೇಟ್‌ಗಳಲ್ಲಿ ಎಡವುತ್ತಿದ್ದರೆ ಅಲ್ಲಿ ಗಂಭೀರ ಸಮಸ್ಯೆಯಿದೆ. ಎಕ್ಸ್‌ಪರ್ಟ್‌ನಲ್ಲಿ ಅರ್ಧ ಹೋದರೂ ನಿದ್ದೆಗೆಡಬೇಕಿಲ್ಲ. ಅಲ್ಲದೆ ಪಿಎಂಐ ಪಾಸಾಗಲು ಇಷ್ಟೇ ಅಂಕ ಬೇಕೆಂದು ಪ್ರಕಟಿಸುವುದೇ ಇಲ್ಲ. ನಿಜವಾದ ಫಲಿತಾಂಶದಲ್ಲಿ ಪ್ರತಿ ವಿಭಾಗಕ್ಕೂ ಗುರಿಗಿಂತ ಮೇಲೆ, ಗುರಿಯಷ್ಟು, ಗುರಿಗಿಂತ ಕೆಳಗೆ, ಸುಧಾರಣೆ ಬೇಕು ಎಂಬ ನಾಲ್ಕರಲ್ಲಿ ಒಂದು ಬರುತ್ತದೆ, ಅಷ್ಟೆ. ಮಾಕ್‌ನಲ್ಲಿ ಇಷ್ಟು ಬಂದರೆ ಪಾಸು ಖಾತ್ರಿ ಎನ್ನುವವರ ಮಾತಿಗೆ ಬುಡವಿಲ್ಲ.

ಪೂರ್ಣ ಮಾಕ್‌ಗಳನ್ನು ಜೋಪಾನವಾಗಿ ಬಳಸಬೇಕು. ಅದೇ ಮಾಕ್ ಎರಡನೇ ಸಲ ಬರೆದರೆ ಅದೇ ಪ್ರಶ್ನೆಗಳು ಬರುತ್ತವೆ, ಅಂಕ ಏರುತ್ತದೆ, ಆದರೆ ಏರಿದ್ದು ನೆನಪು. ಮೊದಲನೆಯದನ್ನು ಪರೀಕ್ಷೆಗೆ ಮೂರು ವಾರ ಇರುವಾಗ, ಎರಡನೆಯದನ್ನು ಒಂದು ವಾರ ಇರುವಾಗ ಬರೆಯುವುದು ಹದವಾದ ಕ್ರಮ. ನಡುವಿನ ದಿನಗಳು ಸಣ್ಣ ಅಭ್ಯಾಸಗಳಿಗೆ ಮತ್ತು ತಪ್ಪಿನ ಪಟ್ಟಿಗೆ.

ಮಾಕ್ ಬರೆಯುವಾಗ ಅಳೆಯಬೇಕಾದದ್ದು ವೇಗ. ಇಲ್ಲಿನ ಲೆಕ್ಕ 2021ರ ಜನವರಿಯಲ್ಲಿ ಬಂದ ಪರೀಕ್ಷಾ ರೂಪರೇಖೆಯದು (2026ರ ಜುಲೈನ ಹೊಸ ರೂಪರೇಖೆಯಲ್ಲಿ ಅವಧಿ 240 ನಿಮಿಷ): 180 ಪ್ರಶ್ನೆ, 230 ನಿಮಿಷ. ಅಂದರೆ ಪ್ರಶ್ನೆಗೆ ಸುಮಾರು 77 ಸೆಕೆಂಡ್. ಅದರಲ್ಲಿ 5 ಪ್ರಶ್ನೆಗಳಿಗೆ ಅಂಕವೇ ಇಲ್ಲ, ಆದರೆ ಅವು ಯಾವುವು ಎಂದು ಗೊತ್ತಾಗುವುದಿಲ್ಲ. 60 ಪ್ರಶ್ನೆಗಳಾದ ಮೇಲೊಮ್ಮೆ, 120 ಆದ ಮೇಲೊಮ್ಮೆ 10 ನಿಮಿಷದ ವಿರಾಮವಿದೆ. ಮೊದಲ ವಿರಾಮಕ್ಕೆ ಏಳುವಾಗ ಗಡಿಯಾರದಲ್ಲಿ 153 ನಿಮಿಷ, ಎರಡನೆಯದಕ್ಕೆ 77 ನಿಮಿಷ ಉಳಿದಿರಬೇಕು. ಒಮ್ಮೆ ವಿರಾಮ ತೆಗೆದುಕೊಂಡರೆ ಹಿಂದಿನ 60ಕ್ಕೆ ಮರಳುವ ದಾರಿಯಿಲ್ಲ. ಗುರುತು ಹಾಕಿಟ್ಟ ಪ್ರಶ್ನೆಗಳನ್ನು ಅಷ್ಟರೊಳಗೆ ಇತ್ಯರ್ಥ ಮಾಡಬೇಕು. ಜನ ಸಮಯ ಕಳೆದುಕೊಳ್ಳುವುದು ಹೆಚ್ಚಾಗಿ ಮೊದಲ 60ರಲ್ಲಿ. ಎರಡು ನಿಮಿಷ ದಾಟಿತೆಂದರೆ ಯಾವುದಾದರೂ ಒಂದು ಉತ್ತರ ಆರಿಸಿ, ಗುರುತು ಹಾಕಿ, ಮುಂದೆ ಹೋಗಿ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ.

ಲೆಕ್ಕದ ಅಭ್ಯಾಸಕ್ಕೆ ಸ್ಟಡಿ ಹಾಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಪರೀಕ್ಷೆಯಲ್ಲೂ ಲೆಕ್ಕ ಕಡಿಮೆ, ಆದರೆ ಬಂದವು ಖಾತ್ರಿ ಅಂಕ. ಒಟ್ಟು ಬಜೆಟ್ ಅಂದರೆ ಬಿಎಸಿ 100, ಮುಗಿದ ಕೆಲಸದ ಮೌಲ್ಯ ಇವಿ 40, ಖರ್ಚಾದದ್ದು ಎಸಿ 50 ಎಂದುಕೊಳ್ಳಿ. ಇವಿಯನ್ನು ಎಸಿಯಿಂದ ಭಾಗಿಸಿದರೆ ಸಿಗುವ ವೆಚ್ಚದ ದಕ್ಷತೆ, ಅಂದರೆ ಸಿಪಿಐ, 0.8. ಈಗಿನ ದಕ್ಷತೆಯೇ ಮುಂದುವರಿದರೆ ಅಂತಿಮ ವೆಚ್ಚ 100 ಭಾಗಿಸು 0.8, ಅಂದರೆ 125. ಆಗಿದ್ದು ಒಂದು ಸಲದ ಏರುಪೇರು, ಉಳಿದದ್ದು ಯೋಜನೆಯಂತೆಯೇ ನಡೆಯುತ್ತದೆ ಎಂದು ಪ್ರಶ್ನೆ ಹೇಳಿದರೆ 50ಕ್ಕೆ ಉಳಿದ 60 ಕೂಡಿಸಿ 110. ಆಯ್ಕೆಗಳಲ್ಲಿ ಎರಡೂ ಇರುತ್ತವೆ. ಸೂತ್ರ ಬಾಯಿಪಾಠ ಮಾಡಿದವರು ಬೀಳುವುದು ಇಲ್ಲಿಯೇ, ಯಾಕೆಂದರೆ ಕೇಳಿರುವುದು ಲೆಕ್ಕವನ್ನಲ್ಲ, ವೆಚ್ಚ ಏರಿದ ಕಾರಣವನ್ನು.

ಕೊಳ್ಳುವ ಮುನ್ನ ಮತ್ತೊಂದು ವಿಷಯ ಖಚಿತಪಡಿಸಿಕೊಳ್ಳಿ. 2021ರ ರೂಪರೇಖೆಯಲ್ಲಿ ಪ್ರಶ್ನೆಗಳ ಮೂರು ವಿಭಾಗಗಳಲ್ಲಿ ಜನರು ಎಂಬುದಕ್ಕೆ ಶೇ. 42, ಪ್ರಕ್ರಿಯೆಗೆ ಶೇ. 50, ವ್ಯವಹಾರ ಪರಿಸರಕ್ಕೆ ಶೇ. 8 ಪಾಲಿತ್ತು. 2026ರ ಜುಲೈನ ಹೊಸ ರೂಪರೇಖೆಯಲ್ಲಿ ಇದು 33, 41, 26 ಆಗಿದೆ. ಅವಧಿಯೂ 240 ನಿಮಿಷ. ಹಳೆಯ ಹಂಚಿಕೆಯ ಮಾಕ್ ಬರೆದು ಹೊಸ ಪರೀಕ್ಷೆಗೆ ಕೂತರೆ ಸಂಸ್ಥೆಯ ಗುರಿ, ನಿಯಮ ಪಾಲನೆ, ಪ್ರಾಜೆಕ್ಟಿನಿಂದ ಸಿಗುವ ಪ್ರಯೋಜನಗಳ ಕುರಿತ ಪ್ರಶ್ನೆಗಳ ಅಭ್ಯಾಸ ಸಾಕಷ್ಟು ಆಗಿರುವುದಿಲ್ಲ. ಬೇರೆ ಕಡೆಯ ಹಳೆಯ ಪ್ರಶ್ನೆ ಸಂಗ್ರಹಗಳಿಗಂತೂ ಈ ಎಚ್ಚರ ಇನ್ನೂ ಹೆಚ್ಚು ಸಲ್ಲುತ್ತದೆ.

ಸ್ಟಡಿ ಹಾಲ್ ತೋರಿಸಲಾಗದ ಸಂಗತಿ ಪರೀಕ್ಷೆಯ ದಿನದ ಶಿಸ್ತು. ಮನೆಯಿಂದಲೇ ಆನ್‌ಲೈನ್ ಬರೆಯುವವರಿಗೆ ಮೇಲ್ವಿಚಾರಕರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ: ಮೇಜು ಖಾಲಿ ಇರಬೇಕು, ಕಾಗದ ಪೆನ್ನು ಇಲ್ಲ, ಟಿಪ್ಪಣಿಗೆ ಪರದೆಯ ಮೇಲಿನ ವೈಟ್‌ಬೋರ್ಡ್ ಮಾತ್ರ. ಆ ವೈಟ್‌ಬೋರ್ಡಿನಲ್ಲಿ ಮೌಸಿನಿಂದ ಬರೆಯುವುದು ತೊಡಕಿನ ಕೆಲಸ. ಲೆಕ್ಕ ಹೆಚ್ಚು ಬರೆದು ಮಾಡುವ ಅಭ್ಯಾಸವಿದ್ದವರು ಪರೀಕ್ಷಾ ಕೇಂದ್ರ ಆರಿಸಿಕೊಳ್ಳುವುದು ಒಳ್ಳೆಯದು, ಅಲ್ಲಿ ಬರೆಯಲು ಒರೆಸುವ ಹಾಳೆ ಸಿಗುತ್ತದೆ. ಉದ್ದದ ಪ್ರಶ್ನೆಗಳನ್ನು ತುಟಿ ಅಲುಗಿಸಿ ಓದುವವರಿಗೆ ಒಂದು ಮಾತು: ಆನ್‌ಲೈನ್ ಪರೀಕ್ಷೆಯಲ್ಲಿ ಗಟ್ಟಿಯಾಗಿ ಓದುವಂತಿಲ್ಲ, ಎಚ್ಚರಿಕೆ ಬರುತ್ತದೆ. ಮಾಕ್‌ಗಳನ್ನೂ ಬಾಯಿ ಮುಚ್ಚಿಯೇ ಬರೆದು ರೂಢಿಸಿಕೊಳ್ಳಿ.