ಟಿಎ ಕೆಲಸಕ್ಕೆ ಯಾವ ಗಣಿತ ಕೋರ್ಸ್? ನನ್ನ ಓಟು ಲೀನಿಯರ್ ಆಲ್ಜೀಬ್ರಾಕ್ಕೆ

ಕಲಬುರಗಿಯಲ್ಲಿ ಪಿಎಚ್‌ಡಿ ಮಾಡ್ತಾ ಟಿಎ (ಟೀಚಿಂಗ್ ಅಸಿಸ್ಟೆಂಟ್, ಅಂದರೆ ಪಾಠ ಮಾಡೋರಿಗೆ ಸಹಾಯಕರು) ಆಗೋಕೆ ಹೊರಟವರಿಗೆ ಈ ರಿವ್ಯೂ. ನಿಮಗೆ ಇಷ್ಟವಾದ ವಿಷಯ ಅಂತ ಸುಮ್ನೆ ಕೋರ್ಸ್ ಆರಿಸಬೇಡಿ. ಪೇಪರ್ ತಿದ್ದೋರು ನೀವು ಅಲ್ವಾ, ಅದನ್ನ ನೋಡಿ ಆರಿಸಿ. ನಾನು ಮೂರು ಕೋರ್ಸಿಗೆ ಟಿಎ ಆಗಿದ್ದೇನೆ.

ಕ್ಯಾಲ್ಕುಲಸ್: ಹುಡುಗರು ಜಾಸ್ತಿ, ಪೇಪರ್ ಕಟ್ಟು ದಪ್ಪ. ಆದರೆ ತಪ್ಪುಗಳೆಲ್ಲ ಒಂದೇ ಥರ, sin(x²) ಡಿಫರೆನ್ಷಿಯೇಟ್ ಮಾಡೋಕೆ ಕೊಟ್ಟರೆ cos(x²) ಬರೆದು 2x ಬಿಟ್ಟಿರುತ್ತಾರೆ. ತಿದ್ದೋದು ಬೇಗ ಮುಗಿಯುತ್ತದೆ, ಬೇಜಾರೂ ಬೇಗ ಬರುತ್ತದೆ. ಐದಕ್ಕೆ ಮೂರು.

ರಿಯಲ್ ಅನಾಲಿಸಿಸ್ ನನ್ನ ಸ್ವಂತ ವಿಷಯ, ಆದರೂ ಹೊಸಬರಿಗೆ ಬೇಡ ಅಂತೀನಿ. x² ಪ್ರತಿ ಬಿಂದು aನಲ್ಲೂ ಕಂಟಿನ್ಯುವಸ್ ಅಂತ ತೋರಿಸಿ ಅಂದರೆ ಅರ್ಧ ಕ್ಲಾಸು δ = ε/|x+a| ಅಂತ ಬರೆಯುತ್ತದೆ (ε ಅಂದರೆ x² ಮತ್ತು a² ನಡುವೆ ಬಿಡಬಹುದಾದ ಅಂತರ, δ ಅಂದರೆ ಅದಕ್ಕೆ x, aಗೆ ಎಷ್ಟು ಹತ್ತಿರ ಇರಬೇಕು ಅನ್ನೋದು). ನೋಡೋಕೆ ಚೆಂದ, ಆದರೆ δ ಒಳಗೆ x ಬರೋ ಹಾಗಿಲ್ಲ! ಮೊದಲು |x−a| < 1 ಅಂತ ಹಿಡಿದು, δ ಅನ್ನು 1 ಮತ್ತು ε/(2|a|+1) ಇವೆರಡರಲ್ಲಿ ಚಿಕ್ಕದು ಅಂತ ತಗೋಬೇಕು. ಒಬ್ಬೊಬ್ಬರೂ ಒಂದೊಂದು ದಾರಿಯಲ್ಲಿ ಹೋಗಿರುತ್ತಾರೆ, ಯಾವ ಸಾಲಿನಲ್ಲಿ ಎಡವಿದರು ಅಂತ ಹುಡುಕೋದರೊಳಗೆ ರಾತ್ರಿ ಊಟದ ಹೊತ್ತು ಮೀರಿರುತ್ತದೆ, ನಿಮ್ಮ ಥೀಸಿಸ್ ಅಲ್ಲೇ ಬಿದ್ದಿರುತ್ತದೆ. ಐದಕ್ಕೆ ಎರಡು.

ಲೀನಿಯರ್ ಆಲ್ಜೀಬ್ರಾದಲ್ಲಿ ಉತ್ತರ ಸರಿಯೋ ತಪ್ಪೋ ಕಣ್ಣಲ್ಲೇ ಗೊತ್ತಾಗುತ್ತದೆ. ಮೊದಲ ಸಾಲು 2, 1, ಎರಡನೇ ಸಾಲು 1, 2 ಇರೋ ಮ್ಯಾಟ್ರಿಕ್ಸ್‌ಗೆ ಐಗನ್ ವ್ಯಾಲ್ಯೂ (ದಿಕ್ಕು ಬದಲಾಗದ ವೆಕ್ಟರನ್ನ ಮ್ಯಾಟ್ರಿಕ್ಸ್ ಎಷ್ಟು ಪಟ್ಟು ಮಾಡುತ್ತದೆ ಅನ್ನೋ ಸಂಖ್ಯೆ) 3 ಮತ್ತು 1. ಕೂಡಿದರೆ ಟ್ರೇಸ್ (ಕರ್ಣದ ಮೊತ್ತ, 2+2) 4, ಗುಣಿಸಿದರೆ ಡಿಟರ್ಮಿನೆಂಟ್ (2×2 − 1×1) 3. ಇದನ್ನ ತೋರಿಸಿಕೊಟ್ಟ ಮೇಲೆ ಹುಡುಗರು ತಾವೇ ತಾಳೆ ನೋಡಿಕೊಳ್ಳೋಕೆ ಶುರು ಮಾಡಿದರು. ಕನ್ನಡ ಮೀಡಿಯಂನಿಂದ ಬಂದು ಹಿಂದಿನ ಬೆಂಚಲ್ಲಿ ಬಾಯಿ ಬಿಡದೆ ಕೂತಿದ್ದವರೂ ಬೋರ್ಡಿಗೆ ಬಂದರು. ರೋ ರಿಡಕ್ಷನ್‌ನಲ್ಲಿ ಒಂದು ಮೈನಸ್ ತಪ್ಪಿ ಮುಂದಿನದೆಲ್ಲ ಸರಿ ಇದ್ದರೆ ಒಂದು ಅಂಕ ಕಳೆದು ಮುಂದೆ ಹೋಗಬಹುದು. ವೆಕ್ಟರ್ ಸ್ಪೇಸ್ ಬಂದಾಗ ಮಾತ್ರ ಕ್ಲಾಸು ಗಪ್‌ಚುಪ್, ಆಮೇಲೆ ಒಂದೇ ಪ್ರಶ್ನೆ: "ಮೇಡಂ, ಇದು ಪರೀಕ್ಷೆಗೆ ಬರ್ತದೇನ್ರಿ?" ಆದರೂ ಐದಕ್ಕೆ ನಾಲ್ಕೂವರೆ.

ಇನ್ನೊಂದು, ಒಪ್ಪಿಕೊಳ್ಳೋಕೆ ಮುಂಚೆ ಪಾಠ ಮಾಡೋ ಸರ್ ಹತ್ತಿರ ಮಾರ್ಕಿಂಗ್ ಸ್ಕೀಮ್ ಕೊಡ್ತೀರಾ ಅಂತ ಕೇಳಿ. "ನೀವೇ ನೋಡಿ ಹಾಕ್ರಿ" ಅಂದರೆ ಯಾವ ಕೋರ್ಸಾದರೂ ಕಷ್ಟವೇ, ಅಂಕ ಕಮ್ಮಿ ಆಯ್ತು ಅಂತ ಬರೋರೆಲ್ಲ ನಿಮ್ಮ ಟೇಬಲ್ ಮುಂದೆಯೇ ನಿಲ್ಲುತ್ತಾರೆ. ಟೈಮ್‌ಟೇಬಲ್ಲೂ ನೋಡಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನದ ಟ್ಯುಟೋರಿಯಲ್ ಸಿಕ್ಕರೆ ಅವರೂ ತೂಕಡಿಸುತ್ತಾರೆ, ನೀವೂ ತೂಕಡಿಸುತ್ತೀರಿ. ಬೆಳಗಿನ ಬ್ಯಾಚ್ ಕೇಳಿ ತಗೊಳ್ಳಿ.