ಸಂಜೆಯ ಕುರುಕಲು ಚಪಲಕ್ಕೆ ಏರ್‌ಫ್ರೈಯರ್: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಗರಿಗರಿ, ಖಾರ ಖಾರ ಏನಾದರೂ ಬೇಕು ಅನ್ನುವ ಚಪಲ ಇದ್ದವರಿಗೆ ಏರ್‌ಫ್ರೈಯರ್, ಅಂದರೆ ಬಿಸಿ ಗಾಳಿಯಲ್ಲಿ ತಿಂಡಿ ಗರಿಯಾಗಿಸುವ ಯಂತ್ರ, ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸಿಹಿ ಚಪಲಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ. ನಮ್ಮ ಮನೆಗೆ ಇದು ಬಂದು ಎರಡು ವರ್ಷ ದಾಟಿದೆ. ನಾಲ್ಕು ಲೀಟರಿನ ಬುಟ್ಟಿ, 1500 ವ್ಯಾಟ್. ಹೆಚ್ಚುಕಡಿಮೆ ದಿನ ಬಿಟ್ಟು ದಿನ ಬಳಸುತ್ತೇವೆ.

ತಂದಿದ್ದು ಅತ್ತೆಗೋಸ್ಕರ. ಅವರಿಗೆ ಬಿಪಿ, ಶುಗರ್ ಎರಡೂ ಇದೆ. ಕರಿದದ್ದು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರು. ಆದರೆ ಮೈಸೂರಿನಲ್ಲಿ ಸಂಜೆ ಮಳೆ ಹಿಡಿದರೆ ಬೀದಿ ಕೊನೆಯ ಗಾಡಿಯಿಂದ ಬಜ್ಜಿ ವಾಸನೆ ನಡುಮನೆವರೆಗೂ ಬರುತ್ತದೆ. ಬೇಡ ಬೇಡ ಅಂದಷ್ಟೂ ಆಸೆ ಜಾಸ್ತಿ ಅಲ್ವಾ? ಬರೀ ತಡೆದುಕೊಂಡು ಕೂರುವುದು ಯಾರಿಗೂ ಬಹಳ ದಿನ ಆಗುವುದಿಲ್ಲ. ಬದಲಿಗೆ ಏನಾದರೂ ಕೈಗೆ ಸಿಗಬೇಕು.

ಫಿಲಿಪ್ಸ್ ಕಂಪನಿ 2010ರಲ್ಲಿ ಏರ್‌ಫ್ರೈಯರನ್ನು ಮಾರುಕಟ್ಟೆಗೆ ತಂದಿತು. ಈಗ ಹತ್ತಾರು ಕಂಪನಿಗಳು ಮಾಡುತ್ತವೆ. ಹೆಸರಲ್ಲಿ ಫ್ರೈ ಅಂತ ಇದ್ದರೂ ಇದು ಏನನ್ನೂ ಕರಿಯುವುದಿಲ್ಲ. ಮೇಲೆ ಬಿಸಿಯಾಗುವ ಕಾಯಿಲ್ ಇದೆ, ಅದರ ಹತ್ತಿರ ಫ್ಯಾನ್ ಇದೆ. ಬಿಸಿ ಗಾಳಿ ಜೋರಾಗಿ ಸುತ್ತಿ ಪದಾರ್ಥದ ಮೇಲ್ಮೈಯ ನೀರನ್ನು ಬೇಗ ಆರಿಸುತ್ತದೆ, ಆಮೇಲೆ ಕೆಂಪಗಾಗುತ್ತದೆ. ಬಾಣಲೆಯಲ್ಲಿ ಕರಿದಾಗ ನೀರು ಆವಿಯಾಗಿ ಹೋಗಿ ಆ ಜಾಗಕ್ಕೆ ಎಣ್ಣೆ ಸೇರಿಕೊಳ್ಳುತ್ತದೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಇಲ್ಲಿ ಒಂದು ಬುಟ್ಟಿಗೆ ಒಂದು ಟೀ ಚಮಚ ಎಣ್ಣೆ ಸಾಕು, ಅಂದರೆ ಸುಮಾರು 40 ಕ್ಯಾಲೊರಿ. ಅದನ್ನು ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನುತ್ತೇವೆ.

ಇದರಲ್ಲಿ ಅತಿ ಚೆನ್ನಾಗಿ ಬರುವುದು ಕಾಳುಗಳು. ಅವರೆಕಾಯಿ ಕಾಲದಲ್ಲಿ ನಾನು ಹಿತಕಿದ ಬೇಳೆಯನ್ನು ಬಟ್ಟೆಯ ಮೇಲೆ ಹರಡಿ ಫ್ಯಾನ್ ಕೆಳಗೆ ಚೆನ್ನಾಗಿ ಆರಿಸುತ್ತೇನೆ. ಈ ಕೆಲಸ ಬಿಟ್ಟರೆ ಬೇಳೆ ಬೇಯುತ್ತದೆಯೇ ಹೊರತು ಗರಿಯಾಗುವುದಿಲ್ಲ. ಎಣ್ಣೆ ಸವರಿ, ಒಂದೇ ಪದರವಾಗಿ ಹಾಕಿ, 180 ಡಿಗ್ರಿಯಲ್ಲಿ ಇಡುತ್ತೇನೆ. ನಡುನಡುವೆ ಬುಟ್ಟಿ ಎಳೆದು ಕುಲುಕಬೇಕು. ಮೊದಲು ಸದ್ದು ಮೆತ್ತಗಿರುತ್ತದೆ. ಹದ ಬಂದಾಗ ಕಾಳು ಬುಟ್ಟಿಗೆ ತಗುಲಿ ಗಲಗಲ ಅನ್ನುತ್ತದೆ. ಟೈಮರ್‌ಗಿಂತ ಈ ಸದ್ದನ್ನೇ ನಾನು ಜಾಸ್ತಿ ನಂಬುತ್ತೇನೆ. ಕರಿಬೇವನ್ನು ಕೊನೆಯ ಒಂದು ನಿಮಿಷ ಕಾಳಿನ ಅಡಿಗೆ ಸೇರಿಸಬೇಕು, ಮೇಲಿಟ್ಟರೆ ಹಾರಿಹೋಗುತ್ತದೆ. ಖಾರದಪುಡಿ, ಇಂಗು, ಚೂರು ಉಪ್ಪು ಹೊರಗೆ ತೆಗೆದ ಮೇಲೆ. ಉಳಿದ ದಿನಗಳಲ್ಲಿ ನೆನೆಸಿ ಬೇಯಿಸಿದ ಕಡಲೆಕಾಳು, ಇಲ್ಲವಾದರೆ ತೆಳ್ಳಗೆ ಹೆಚ್ಚಿದ ಬೆಂಡೆಕಾಯಿ, ಹಾಗಲಕಾಯಿ. ನಾಲ್ಕೂವರೆ ಆಗುತ್ತಿದ್ದಂತೆ ಅತ್ತೆ "ಇವತ್ತು ಏನಮ್ಮ ಹಾಕಿದ್ದೀಯ?" ಅಂತ ಕೇಳುತ್ತಾರೆ. ಅವರು ಗಾಡಿ ಬಜ್ಜಿ ಪೂರ್ತಿ ಬಿಟ್ಟಿಲ್ಲ, ಆದರೆ ದಿನಾ ಕೇಳುವುದು ನಿಂತಿದೆ. ನನಗೆ ಅದೇ ದೊಡ್ಡ ಸಮಾಧಾನ.

ಬಜ್ಜಿ, ಬೋಂಡ ಮಾತ್ರ ಇದರಲ್ಲಿ ಆಗುವುದಿಲ್ಲ. ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಹಿಟ್ಟು ಗಟ್ಟಿಯಾಗುತ್ತದೆ, ಗಾಳಿಗೆ ಆ ಶಕ್ತಿ ಇಲ್ಲ. ಹಿಟ್ಟು ಬುಟ್ಟಿಯ ತೂತಿನಿಂದ ಸೋರುತ್ತದೆ. ಗಟ್ಟಿಯಾಗಿ ಕಲಸುವ ಮದ್ದೂರು ವಡೆ ಎಣ್ಣೆ ಸವರಿ ಇಟ್ಟರೆ ಪರವಾಗಿಲ್ಲ ಅನ್ನುವಂತೆ ಬರುತ್ತದೆ, ಆದರೆ ಆ ರುಚಿ ಬೇರೆಯೇ. ನಿಪ್ಪಟ್ಟು ಸ್ವಲ್ಪ ಗಡಸು. ಹಪ್ಪಳ ಹಗುರ, ಗಾಳಿಗೆ ಎದ್ದು ಕಾಯಿಲ್‌ಗೆ ತಗುಲಿದರೆ ಸುಟ್ಟುಹೋಗುತ್ತದೆ. ಮೇಲೊಂದು ಸ್ಟೀಲ್ ಸ್ಟ್ಯಾಂಡ್ ಇಟ್ಟೇ ಸುಡಬೇಕು.

ಇನ್ನೊಂದು ಎಚ್ಚರ. ಎಣ್ಣೆ ಹಾಕಿಲ್ಲ ಅಂತ ಕಡಲೆಕಾಯಿ ಬೀಜವನ್ನು ಬಟ್ಟಲುಗಟ್ಟಲೆ ತಿನ್ನಬೇಡಿ. ಅದರ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕೊಬ್ಬೇ. ಅಂಗಡಿಯ ಫ್ರೋಜನ್ ಫ್ರೆಂಚ್ ಫ್ರೈಸ್ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಒಮ್ಮೆ ಎಣ್ಣೆಯಲ್ಲಿ ಕರಿದು ಬಂದಿರುತ್ತದೆ, ಪ್ಯಾಕೆಟ್ ಹಿಂದೆ ಬರೆದದ್ದನ್ನು ಓದಿ. ಉಪ್ಪಿನ ವಿಷಯವೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಉಪ್ಪು ಜಾಸ್ತಿ ಹಾಕಿದ ತಿಂಡಿಯನ್ನು ಯಾವ ಯಂತ್ರವೂ ಒಳ್ಳೆಯದು ಮಾಡಲಾರದು.

ನಿಜ ಹೇಳಬೇಕೆಂದರೆ ಅರ್ಧ ಕೆಲಸ ಮಧ್ಯಾಹ್ನದ ಊಟವೇ ಮಾಡುತ್ತದೆ. ಬರೀ ಅನ್ನ, ತಿಳಿಸಾರು ಉಂಡ ದಿನ ನಾಲ್ಕು ಗಂಟೆಗೇ ಹೊಟ್ಟೆ ಚುರುಗುಟ್ಟುತ್ತದೆ, ಆಗ ಒಂದು ಬಟ್ಟಲು ಕಾಳು ಸಾಲುವುದೇ ಇಲ್ಲ. ಹೆಸರುಕಾಳಿನ ಉಸಲಿ, ಹುರುಳಿ ಬಸ್ಸಾರು, ಮೊಸರು ಇದ್ದ ದಿನ ಸ್ವಲ್ಪ ತಿಂದರೂ ತೃಪ್ತಿ. ಪ್ರೋಟೀನು, ನಾರು ಇದ್ದರೆ ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ನಿದ್ದೆಗೆಟ್ಟ ಮರುದಿನವೂ ಚಪಲ ಏರುತ್ತದೆ, ಇದನ್ನು ನಮ್ಮ ಮನೆಯಲ್ಲಿ ಎಲ್ಲರೂ ಗಮನಿಸಿದ್ದೇವೆ.

ಈಗ ಯಂತ್ರದ ದೂರು. ಎರಡನೇ ವರ್ಷ ಬುಟ್ಟಿಯ ನಾನ್‌ಸ್ಟಿಕ್ ಲೇಪ ಮೂಲೆಯಲ್ಲಿ ಏಳತೊಡಗಿತು. ನಾವು ತಂತಿನಾರು ಹಾಕಿ ಉಜ್ಜಿದವರಲ್ಲ. ಹೊಸ ಬುಟ್ಟಿ ಕೇಳಿದರೆ ಕಂಪನಿಯವರು ಸ್ಟಾಕ್ ಇಲ್ಲ ಅಂತ ವಾರಗಟ್ಟಲೆ ಓಡಾಡಿಸಿದರು, ಬೆಲೆಯೂ ಕಡಿಮೆಯೇನಲ್ಲ. ಕರೆಂಟ್ ಖರ್ಚು ದೊಡ್ಡದಲ್ಲ, ಇಪ್ಪತ್ತು ನಿಮಿಷ ಓಡಿದರೆ ಹೆಚ್ಚೆಂದರೆ ಅರ್ಧ ಯೂನಿಟ್. ಆದರೆ 1500 ವ್ಯಾಟ್ ಅಂದರೆ ಆರು ಆಂಪಿಯರ್ ದಾಟುತ್ತದೆ. ಮಿಕ್ಸಿಯ ಸಣ್ಣ ಆರು ಆಂಪಿಯರ್ ಪ್ಲಗ್‌ಗೆ ಹಾಕಬೇಡಿ, 16 ಆಂಪಿಯರ್ ಸಾಕೆಟ್ಟೇ ಬೇಕು. ಹಳೆಯ ಮನೆಯವರು ಅಡುಗೆಮನೆಯಲ್ಲಿ ಅದು ಇದೆಯಾ ಅಂತ ನೋಡಿಕೊಂಡೇ ಅಂಗಡಿಗೆ ಹೋಗಿ. ಹಾಗೇ ಬುಟ್ಟಿ ಬಿಡಿಯಾಗಿ ಸಿಗುತ್ತದಾ, ಎಷ್ಟಕ್ಕೆ ಅಂತಲೂ ಕೇಳಿ. ಒಬ್ಬರೋ ಇಬ್ಬರೋ ಇದ್ದರೆ ಎರಡು ಲೀಟರಿನದು ಸಾಕು, ನಾಲ್ಕು ಜನ ಇದ್ದರೆ ನಾಲ್ಕು ಲೀಟರಿಗಿಂತ ಚಿಕ್ಕದು ಬೇಡ.