ವಿದೇಶದ ಅಡುಗೆಮನೆಗೆ ಕಡ್ಡಿ ಥರ್ಮಾಮೀಟರ್: ಕೊಳ್ಳಬಹುದೇ?

ಅಂಗೈಯಲ್ಲಿ ಹಿಡಿಯುವಂಥ ಪ್ಲಾಸ್ಟಿಕ್ ಹಿಡಿ, ಅದರಿಂದ ಹೊರಟ ಚೂಪು ಸ್ಟೀಲ್ ಕಡ್ಡಿ, ಮೇಲೊಂದು ಪುಟ್ಟ ಪರದೆ. ಆನ್‌ಲೈನ್‌ನಲ್ಲಿ 300ರಿಂದ 500 ರೂಪಾಯಿಯೊಳಗೆ ಸಿಗುವ ಅಡುಗೆ ಥರ್ಮಾಮೀಟರ್ ಇದು. ಓದಲೋ ಕೆಲಸಕ್ಕೋ ಬೆಂಗಳೂರು ಬಿಟ್ಟು ಹೊರದೇಶಕ್ಕೆ ಹೋಗಿ, ಅಲ್ಲಿ ಕೋಳಿ ತಾವೇ ಬೇಯಿಸಿಕೊಳ್ಳುವವರು, ಹಕ್ಕಿಜ್ವರದ ಭಯವಿದ್ದರೆ, ಖಂಡಿತ ಕೊಳ್ಳಿ. ಹೋಟೆಲಿನಲ್ಲಿದ್ದು ವಾರಕ್ಕೆ ವಾಪಸಾಗುವವರಿಗೆ ಬೇಡ.

ಹಕ್ಕಿಜ್ವರದ ವೈರಸ್ ಬಿಸಿಗೆ ಸಾಯುತ್ತದೆ. ಮಾಂಸದ ಎಲ್ಲ ಭಾಗವೂ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದಲ್ಲಿ ಕೋಳಿಗೆ ಹೇಳುವ ಲೆಕ್ಕ 74. ಇಲ್ಲಿ ಅದನ್ನೇ ಹಿಡಿಯೋಣ. ನಮ್ಮ ಸಾರಿನಲ್ಲಿ ಚಿಕ್ಕ ಚಿಕ್ಕ ಪೀಸು ಕುದಿಯುವ ನೀರಿನಲ್ಲೇ ಬೇಯುವುದರಿಂದ, ಕುಕ್ಕರ್ ಎರಡು ಸಲ ಕೂಗಿದ ಮೇಲೆ ಅಳೆಯಲು ಏನೂ ಉಳಿಯುವುದಿಲ್ಲ. ಅಲ್ಲಿ ಹಾಗಲ್ಲ. ಓವನ್ನಿಗೆ ಇಡೀ ಕೋಳಿ ಹೋಗುತ್ತದೆ, ಅಂಗೈ ದಪ್ಪದ ಬ್ರೆಸ್ಟ್ ಫ್ರೀಜರಿನಿಂದ ನೇರ ಬಾಣಲೆಗೆ ಬೀಳುತ್ತದೆ. ಹೊರಗೆ ಕೆಂಪಗೆ ಹುರಿದಿದ್ದರೂ ನಡುವೆ 60 ದಾಟದೆ ಇರಬಹುದು. ಬಣ್ಣ ನೋಡಿ ಹೇಳುವಂತೆಯೂ ಇಲ್ಲ: ಪೂರ್ತಿ ಬೆಂದ ಮಾಂಸವೂ ಮೂಳೆಯ ಹತ್ತಿರ ಗುಲಾಬಿಯಾಗಿರಬಹುದು, ಬೇಯದ್ದೂ ಬೆಳ್ಳಗೆ ಕಾಣಬಹುದು.

ಪೆಟ್ಟಿಗೆಗೆ ಹಾಕುವ ಮುನ್ನ ಮನೆಯಲ್ಲೇ ಪರೀಕ್ಷೆ ಮಾಡಿ. ಇಲ್ಲಿ ಬೆಂಗಳೂರಿನವರು ಒಂದು ತಪ್ಪು ಮಾಡುತ್ತಾರೆ. ಕುದಿಯುವ ನೀರಿಗೆ ಕಡ್ಡಿ ಅದ್ದಿ, 100ರ ಬದಲು 97 ಬಂತೆಂದು ಮಾಲು ಹಿಂದಿರುಗಿಸುತ್ತಾರೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ. ಅದಕ್ಕೆ ಐಸ್ ಪರೀಕ್ಷೆಯೇ ಸರಿ. ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದಿ ತುಂಬುವಷ್ಟು ನೀರು ಸುರಿದು, ಕಲಕಿ, ಎರಡು ನಿಮಿಷ ಬಿಡಿ. ಲೋಟದ ತಳಕ್ಕೂ ಗೋಡೆಗೂ ತಾಗದಂತೆ ಕಡ್ಡಿ ಐದು ಸೆಂಟಿಮೀಟರ್ ಮುಳುಗಲಿ. ಸೊನ್ನೆ, ಅಥವಾ ಒಂದು ಡಿಗ್ರಿ ಆಚೀಚೆ ಬಂದರೆ ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ತಪ್ಪಿದರೆ ವಾಪಸ್ ಕೊಡಿ, ಈ ಬೆಲೆಯವುಗಳಲ್ಲಿ ಸರಿಪಡಿಸುವ ತಿರುಪು ಸಾಮಾನ್ಯವಾಗಿ ಇರುವುದಿಲ್ಲ.

ಚುಚ್ಚುವುದರಲ್ಲೇ ಎಲ್ಲ ಇದೆ. ಬಿಸಿ ತಿಳಿಯುವುದು ಕಡ್ಡಿಯ ತುದಿಗೆ ಮಾತ್ರ. ಇಡೀ ಕೋಳಿಯಾದರೆ ತೊಡೆಯ ಒಳಬದಿಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ. ಆಮೇಲೆ ಎದೆಯ ದಪ್ಪ ಜಾಗಕ್ಕೂ. ತೆಳು ಪೀಸು ಅಥವಾ ಖೀಮಾ ಕಬಾಬ್ ಆದರೆ ಮೇಲಿನಿಂದ ಬೇಡ, ಪಕ್ಕದಿಂದ ಅಡ್ಡಲಾಗಿ ತೂರಿಸಿ. ತುದಿ ಬಾಣಲೆಯ ತಳ ಮುಟ್ಟಿತೋ, ಪರದೆಯಲ್ಲಿ 90 ಕುಣಿಯುತ್ತದೆ, ಅದು ಬಾಣಲೆಯ ಬಿಸಿ. ಅಂಕಿ ಏರುವುದು ನಿಲ್ಲುವವರೆಗೆ ಹತ್ತು ಹದಿನೈದು ಸೆಕೆಂಡ್ ಕಾಯಿರಿ. 68 ತೋರಿಸಿದರೆ ಮತ್ತೆ ಒಲೆಗೆ. ಎರಡನೇ ಸಲ ಚುಚ್ಚುವ ಮೊದಲು ಕಡ್ಡಿಯನ್ನು ಸೋಪಿನ ನೀರಿನಲ್ಲಿ ತೊಳೆಯಲೇಬೇಕು, ಇಲ್ಲವಾದರೆ ಹಸಿ ರಸವನ್ನು ನೀವೇ ಬೆಂದ ಮಾಂಸದೊಳಗೆ ಇಳಿಸಿದಂತೆ.

ಕೋವಿಡ್ ಕಾಲದಲ್ಲಿ ಕೊಂಡ ಹಣೆಯ ಗನ್ ಇದೆಯಲ್ಲ ಅನ್ನಬೇಡಿ. ಅದು ಅಳೆಯುವುದು ಮೇಲ್ಮೈಯನ್ನು ಮಾತ್ರ.

ಕೊರತೆಗಳೂ ಇವೆ. ಹಿಡಿ ನೀರು ತಡೆಯುವುದಿಲ್ಲ; ನಲ್ಲಿಯಡಿ ಹಿಡಿದರೆ ಪರದೆಯೊಳಗೆ ಹಬೆ ಕಟ್ಟಿ ಅಂಕಿ ಮಂಕಾಗುತ್ತದೆ. ಗುಂಡಿ ಸೆಲ್ ಮುಗಿಯುವುದು ಮುನ್ಸೂಚನೆಯಿಲ್ಲದೆ, ಹಾಗಾಗಿ ಎರಡು ಸೆಲ್ ಜೊತೆಗಿರಲಿ. ಎಲ್ಲಕ್ಕಿಂತ ಅಪಾಯದ್ದು ಸೆಲ್ಸಿಯಸ್, ಫ್ಯಾರನ್‌ಹೀಟ್ ಬದಲಿಸುವ ಗುಂಡಿ: ಬ್ಯಾಗಿನಲ್ಲಿ ಒತ್ತಿಹೋಗಿರಬಹುದು. 74 ಫ್ಯಾರನ್‌ಹೀಟ್ ಅಂದರೆ ಬರೀ 23 ಸೆಲ್ಸಿಯಸ್, ಕೋಣೆಯ ಬಿಸಿ. ಅಂಕಿಯ ಪಕ್ಕದ ಅಕ್ಷರವನ್ನು ಪ್ರತಿ ಸಲ ಓದಿ. ಫ್ಯಾರನ್‌ಹೀಟ್‌ನಲ್ಲಿ ಬೇಕಾದದ್ದು 165. ಕಡ್ಡಿ ಚೂಪಾಗಿರುವುದರಿಂದ ವಿಮಾನದಲ್ಲಿ ಚೆಕ್ ಇನ್ ಲಗೇಜಿಗೆ ಹಾಕಿ.

ಇದು ಕಾಯುವುದು ತಟ್ಟೆಯನ್ನಷ್ಟೇ. ಮನುಷ್ಯರಿಗೆ ಹಕ್ಕಿಜ್ವರ ಹೆಚ್ಚಾಗಿ ಅಂಟಿರುವುದು ರೋಗ ಬಂದ, ಸತ್ತ ಕೋಳಿಗಳನ್ನು ಮುಟ್ಟಿದ್ದರಿಂದ. 1997ರ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಬಂದು 6 ಜನ ತೀರಿಕೊಂಡಾಗ ಬೆರಳು ತೋರಿದ್ದು ಜೀವಂತ ಕೋಳಿ ಮಾರುವ ಮಾರುಕಟ್ಟೆಗಳತ್ತ. ಅಂಥ ಸಂತೆಗೆ ಹೋಗಲೇಬೇಡಿ. ಅರಿಶಿನ ಹಚ್ಚಿ ನಲ್ಲಿಯಡಿ ಕೋಳಿ ತೊಳೆಯುವ ಅಭ್ಯಾಸವನ್ನು ಅಲ್ಲಿ ಬಿಡಿ, ಹನಿ ಸಿಡಿದು ಸಿಂಕ್, ಪಾತ್ರೆ, ಸೌತೆಕಾಯಿಯ ಮೇಲೆಲ್ಲ ಕೂರುತ್ತದೆ. ಬುಲ್ಸ್ ಐ ಬೇಡ, ಹಳದಿ ಗಟ್ಟಿಯಾಗಲಿ. 2024ರಿಂದ ಅಮೆರಿಕದ ಹಸುಗಳಲ್ಲೂ ಈ ವೈರಸ್ ಸಿಕ್ಕಿದೆ. ಪಾಶ್ಚರೀಕರಿಸಿದ ಹಾಲನ್ನೇ ಕೊಳ್ಳಿ.

ಹಕ್ಕಿಗಳ ಹತ್ತಿರ ಹೋಗಿ ಬಂದ ಹತ್ತು ದಿನದೊಳಗೆ ಜ್ವರ, ಕೆಮ್ಮು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಮೊದಲು ಆ ವಿಷಯ ಹೇಳಿ. ಇದಕ್ಕೆ ಕೊಡುವ ವೈರಸ್ ನಿರೋಧಕ ಔಷಧಿ ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ.